ರುವಾಂಡಾದಲ್ಲಿ ಆರು ದಿನ, ಒಂದು ಜಮೀನು ಪತ್ರ

ಮೊದಲ ದಿನ, ಬುಧವಾರ

ಅಕ್ಕನ ಮಗ ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಫೋನ್ ಮಾಡಿದಾಗಲೆಲ್ಲ ‘ಚಿಕ್ಕಮ್ಮ, ಒಂದ್ಸಲ ಬನ್ನಿ. ಎಲ್ಲಿ ನೋಡಿದ್ರೂ ಗುಡ್ಡ, ಬಾಳೆ, ಕಾಫಿ. ಮೂಡಿಗೆರೆಯಲ್ಲೇ ಇದ್ದಂಗಿರುತ್ತೆ’ ಅನ್ನುತ್ತಿದ್ದ. ಮೇ ಕೊನೆಯ ವಾರ ಅಂತೂ ಹೊರಟೆ. ಮುಂಬೈಯಿಂದ ಆದಿಸ್ ಅಬಾಬಾ, ಅಲ್ಲಿಂದ ಕಿಗಾಲಿ. ಇಳಿದ ಮೇಲೆ ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆ.

ಗುಡ್ಡ ನೋಡುವುದಕ್ಕಾಗಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ. ನನ್ನ ಮದುವೆಯಾದದ್ದು 1994ರ ಮೇ ತಿಂಗಳಲ್ಲಿ. ನಮ್ಮ ಅಂಗಳದಲ್ಲಿ ಚಪ್ಪರ ಏಳುತ್ತಿದ್ದ ದಿನಗಳಲ್ಲೇ ಈ ದೇಶದಲ್ಲಿ ಜನ ತಮ್ಮ ಪಕ್ಕದ ಮನೆಯವರನ್ನು ಮಚ್ಚಿನಿಂದ ಕೊಚ್ಚುತ್ತಿದ್ದರು. ಏಪ್ರಿಲ್ 7ರಿಂದ ಜುಲೈ ನಡುಭಾಗದವರೆಗೆ, ಸುಮಾರು ನೂರು ದಿನ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 8 ಲಕ್ಷ ಜನ ಸತ್ತರು, ರುವಾಂಡಾ ಸರ್ಕಾರದ ಲೆಕ್ಕದಲ್ಲಿ 10 ಲಕ್ಷಕ್ಕೂ ಮೇಲೆ. ಹೆಚ್ಚಿನವರು ಅಲ್ಲಿಯ ಅಲ್ಪಸಂಖ್ಯಾತ ಜನಾಂಗದ ಟುಟ್ಸಿಗಳು. ಕೊಲ್ಲಲು ಒಪ್ಪದ, ಬಹುಸಂಖ್ಯಾತ ಜನಾಂಗದ ಹುಟುಗಳೂ ಸತ್ತರು. ನಾನಾಗ ಇಪ್ಪತ್ತೆರಡರ ಹುಡುಗಿ. ಮದುವೆಯ ಗಡಿಬಿಡಿಯಲ್ಲಿ ಪೇಪರಿನ ಆ ಸುದ್ದಿಯ ಮೇಲೆ ಕಣ್ಣು ಹಾಯಿಸಿದ ನೆನಪೂ ಇಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಒಂದು ಕಡೆ ಓದಿದೆ: ಕೊಲೆ ನಿಂತಾಗ ಆ ದೇಶದಲ್ಲಿ ಉಳಿದಿದ್ದವರಲ್ಲಿ ನೂರಕ್ಕೆ ಅರವತ್ತರಿಂದ ಎಪ್ಪತ್ತು ಮಂದಿ ಹೆಂಗಸರು ಮತ್ತು ಹೆಣ್ಣುಮಕ್ಕಳು ಎಂದು. ಅಂದರೆ ನನ್ನ ವಾರಗೆಯವರು. ನಾನು ಹೊಸ ಮನೆಯಲ್ಲಿ ಒಲೆ ಹಚ್ಚಲು ಕಲಿಯುತ್ತಿದ್ದಾಗ ಅವರು ಗಂಡ, ಅಪ್ಪ, ಅಣ್ಣತಮ್ಮಂದಿರನ್ನು ಮಣ್ಣು ಮಾಡಿ, ಬಿದ್ದ ಗೋಡೆ ಎಬ್ಬಿಸುತ್ತಿದ್ದರು. ಅವರನ್ನು ಒಮ್ಮೆ ನೋಡಬೇಕು ಅನ್ನುವುದು ಅಂದಿನಿಂದ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಅಕ್ಕನ ಮಗ ಹೇಳಿದ್ದು ಸುಳ್ಳಲ್ಲ. ವಿಮಾನ ಇಳಿಯುವಾಗಲೇ ಕೆಂಪು ಮಣ್ಣು, ಗುಡ್ಡದ ಮೈತುಂಬ ಬಾಳೆ ಕಂಡವು. ಬೀದಿಯಲ್ಲಿ ಒಂದು ಕಸ ಇಲ್ಲ. 2008ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ. ಅದು ಗೊತ್ತಿದ್ದರಿಂದ ಚಟ್ನಿಪುಡಿ, ಹಪ್ಪಳ ಎಲ್ಲ ಬಟ್ಟೆ ಚೀಲದಲ್ಲೇ ಕಟ್ಟಿ ತಂದಿದ್ದೆ. ಸಂಜೆ ಸೊಸೆ ಅಕ್ಕಿರೊಟ್ಟಿ ತಟ್ಟಿದಳು. ಕಿಟಕಿಯಾಚೆ ಮದುವೆ ಮನೆಯವರು ಹೋಗುತ್ತಿದ್ದರು. ಹೆಂಗಸರೆಲ್ಲ ಒಂದೇ ಭುಜದ ಮೇಲೆ ಸೆರಗು ಹೊದ್ದಂತೆ ಉಡುಪು ಉಟ್ಟಿದ್ದರು. ಉಮುಶನಾನ ಅನ್ನುತ್ತಾರಂತೆ. ದೂರದಿಂದ ಥೇಟ್ ನಮ್ಮವರೇ.

ಎರಡನೆಯ ದಿನ, ಗುರುವಾರ

ಇಡೀ ವಾರಕ್ಕೆ ಕಾರು ಓಡಿಸಲು, ಮಾತು ದಾಟಿಸಲು ಒಬ್ಬ ಹುಡುಗಿ ಸಿಕ್ಕಿದಳು. ಇಪ್ಪತ್ತಾರು ವರ್ಷ. ನನ್ನನ್ನು ಮೊದಲ ದಿನದಿಂದಲೇ ‘ಮಾಮಾ’ ಎಂದು ಕರೆದಳು. ಇಲ್ಲಿ ದೊಡ್ಡ ಹೆಂಗಸರನ್ನು ಹಾಗೇ ಕರೆಯುವುದು.

ಬೆಳಿಗ್ಗೆ ಗಿಸೋಜಿ ಸ್ಮಾರಕಕ್ಕೆ ಹೋದೆವು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಿದ ಗುಡ್ಡ ಅದು. ಕಾಂಕ್ರೀಟು ಹಾಸಿನ ಮೇಲೆ ಹೂವು, ಸುತ್ತ ತೋಟ. ಒಳಗೊಂದು ಕೋಣೆಯಲ್ಲಿ ತಂತಿಗಳಿಗೆ ಸಿಕ್ಕಿಸಿದ ಫೋಟೋಗಳು. ಮದುವೆಯವು, ಶಾಲೆಯ ಸಮವಸ್ತ್ರದವು, ಯಾರೋ ಬೈಕಿನ ಮೇಲೆ ಕೂತು ತೆಗೆಸಿಕೊಂಡದ್ದು. ನಮ್ಮ ಮನೆಯ ಆಲ್ಬಮಿನಲ್ಲಿ ಇರುವಂಥವೇ. ಅಲ್ಲಿಂದ ಆಚೆ ಬರಲು ನನಗೆ ಬಹಳ ಹೊತ್ತು ಹಿಡಿಯಿತು.

ಆ ನೂರು ದಿನಗಳಲ್ಲಿ ಎರಡೂವರೆ ಲಕ್ಷದಿಂದ ಐದು ಲಕ್ಷ ಹೆಂಗಸರ ಮೇಲೆ ಅತ್ಯಾಚಾರವಾಯಿತೆಂದು ವಿಶ್ವಸಂಸ್ಥೆಯ ಅಂದಾಜು. ಯುದ್ಧ ಅಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಲೋಕ ಅಲ್ಲಿಯವರೆಗೆ ತಳ್ಳಿಹಾಕುತ್ತಿತ್ತು. ಅದನ್ನು ಬದಲಿಸಿದ್ದು ಬಾಯಿ ಬಿಟ್ಟ ಕೆಲವು ಹಳ್ಳಿ ಹೆಂಗಸರು. ಟಬಾ ಎಂಬ ಊರಿನ ಮೇಯರ್ ಆಗಿದ್ದ ಅಕಾಯೇಸು ಮೇಲೆ ಟಾಂಜಾನಿಯಾದ ಆರುಷಾದಲ್ಲಿ ಈ ಹತ್ಯೆಗಳ ವಿಚಾರಣೆಗೆಂದೇ ಕೂತ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆದಾಗ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. 1997ರಲ್ಲಿ ಸಾಕ್ಷಿ ಹೇಳಲು ಬಂದ ತಾಯಿಯೊಬ್ಬಳು ತನ್ನ ಪುಟ್ಟ ಮಗಳಿಗಾದದ್ದನ್ನು ಹೇಳಿದಳು. ಪೀಠದಲ್ಲಿದ್ದ ಒಬ್ಬಳೇ ಹೆಣ್ಣು ನ್ಯಾಯಾಧೀಶೆ ನವನೇತಮ್ ಪಿಳ್ಳೈ, ಡರ್ಬನ್ನಿನ ತಮಿಳು ಬಸ್ ಡ್ರೈವರೊಬ್ಬರ ಮಗಳು. ಅವರು ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ, ಕೆದಕಿ ಕೇಳಿದರು. ಆರೋಪಪಟ್ಟಿ ತಿದ್ದಲಾಯಿತು. 1998ರ ಸೆಪ್ಟೆಂಬರ್ 2ರಂದು ಬಂದ ತೀರ್ಪು ಅತ್ಯಾಚಾರವನ್ನೂ ಜನಾಂಗಹತ್ಯೆಯ ಕೃತ್ಯವೆಂದು ಎಣಿಸಿತು. ಲೋಕದಲ್ಲಿ ಅದೇ ಮೊದಲು. ನಾಚಿಕೆ ನುಂಗಿಕೊಂಡು ಮಾತಾಡಿದ ಆ ಹೆಂಗಸರ ಹೆಸರು ದಾಖಲೆಯಲ್ಲಿಲ್ಲ, ಬರೀ ಅಕ್ಷರಗಳಿವೆ.

ಹೆಂಗಸರೆಲ್ಲ ಒಳ್ಳೆಯವರಾಗಿದ್ದರು ಎಂದು ನಾನು ಬರೆಯಲಾರೆ. ಆಗಿನ ಸರ್ಕಾರದಲ್ಲಿ ಕುಟುಂಬ ಮತ್ತು ಮಹಿಳಾ ಕಲ್ಯಾಣ ಮಂತ್ರಿಯಾಗಿದ್ದ ಪೌಲಿನ್ ನ್ಯಿರಾಮಸುಹುಕೊ ಎಂಬವಳಿಗೇ 2011ರಲ್ಲಿ ಶಿಕ್ಷೆಯಾಯಿತು. ಅತ್ಯಾಚಾರಕ್ಕೆ ಪ್ರಚೋದಿಸಿದ್ದೂ ಆಕೆಯ ಅಪರಾಧಗಳಲ್ಲೊಂದು. ಸ್ಮಾರಕದಲ್ಲಿ ಆಕೆಯ ವಿಷಯ ಕೇಳಿದಾಗ ನಮ್ಮ ಹುಡುಗಿ ನೆಲ ನೋಡುತ್ತ ‘ಹೌದು’ ಎಂದಷ್ಟೇ ಹೇಳಿದಳು.

ಮಧ್ಯಾಹ್ನ ಸಂಸತ್ ಭವನದ ಮುಂದೆ ಹಾದು ಬಂದೆವು. ಗೋಡೆಯ ಮೇಲೆ ಗುಂಡಿನ ಗುರುತುಗಳು ಈಗಲೂ ಇವೆ. 2003ರ ಸಂವಿಧಾನ ತೀರ್ಮಾನ ತೆಗೆದುಕೊಳ್ಳುವ ಎಲ್ಲ ಜಾಗಗಳಲ್ಲೂ ಶೇ. 30 ಹೆಂಗಸರಿಗೆ ಎಂದಿತು. ಕೆಳಮನೆಯ 80 ಸ್ಥಾನಗಳಲ್ಲಿ 24 ಮೀಸಲು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಶೇ. 56 ಆಗಿ, ಹೆಂಗಸರೇ ಹೆಚ್ಚಿರುವ ಮೊದಲ ಸಂಸತ್ತಾಯಿತು. 2024ರ ಚುನಾವಣೆಯಲ್ಲಿ 80ರಲ್ಲಿ 51. ನಮ್ಮ ಲೋಕಸಭೆಗೆ ಅದೇ ವರ್ಷ ಗೆದ್ದವರು 543ರಲ್ಲಿ 74 ಮಂದಿ.

ಈ ಅಂಕಿ ನೋಡಿ ಮರುಳಾಗುವುದು ಸುಲಭ. ಇಲ್ಲಿ ಕಾಗಾಮೆ 2000ದಿಂದಲೂ ಅಧ್ಯಕ್ಷರು. ಸರ್ಕಾರಕ್ಕೆ ಎದುರಾಡುವ ಸಂಸತ್ತು ಇದಲ್ಲ. ಗಂಡಸರಾಗಲಿ ಹೆಂಗಸರಾಗಲಿ, ಎದುರು ಮಾತಾಡಲು ಜಾಗ ಕಡಿಮೆ. ಹೆಂಗಸರ ಬಹುಮತ ಬಂದ ಮರುವರ್ಷವೇ, 2009ರಲ್ಲಿ, ಪೂರ್ತಿ ಸಂಬಳದ ಹೆರಿಗೆ ರಜೆ ಹನ್ನೆರಡು ವಾರದಿಂದ ಆರಕ್ಕೆ ಇಳಿಯಿತು. ಅದು ಸರಿಹೋಗಲು 2016ರವರೆಗೆ ಕಾಯಬೇಕಾಯಿತು. ಮನೆಯೊಳಗಿನ ಹಿಂಸೆಯ ವಿರುದ್ಧ 2008ರಲ್ಲಿ, ಆ ಚುನಾವಣೆಗೆ ಸ್ವಲ್ಪ ಮೊದಲು, ಕಾನೂನು ಬರುವಂತೆ ಮಾಡಿದವರೂ ಸಂಸದೆಯರೇ. ಎರಡೂ ನಿಜ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು 1999ರ ನವೆಂಬರಿನ ಉತ್ತರಾಧಿಕಾರ ಕಾನೂನು. ಅದಕ್ಕೂ ಮೊದಲು ಇಲ್ಲಿಯ ವಾಡಿಕೆಯಲ್ಲಿ ಮಗಳಿಗೆ ಅಪ್ಪನ ಜಮೀನಿಲ್ಲ, ವಿಧವೆಗೆ ಗಂಡನ ಜಮೀನಿಲ್ಲ. 1994ರ ನಂತರ ಲಕ್ಷಾಂತರ ಹೆಂಗಸರ ಪಾಡು ಹೇಗಿತ್ತೆಂದು ಯೋಚಿಸಿ. ಗಂಡನೂ ಇಲ್ಲ, ಗಂಡುಮಕ್ಕಳೂ ಇಲ್ಲ. ಹೊಲಕ್ಕೆ ಹೋದರೆ ದೂರದ ಮೈದುನನೊಬ್ಬ ಬಂದು ‘ಇದು ನಮ್ಮ ವಂಶದ್ದು’ ಎನ್ನುತ್ತಾನೆ. ಐವತ್ತು ವಿಧವೆಯರು ಸೇರಿ 1995ರ ಜನವರಿಯಲ್ಲಿ ಕಟ್ಟಿದ ಅವೇಗಾ ಸಂಘ, ಸಚಿವೆಯಾಗಿದ್ದ ಅಲೊಯಿಸಿಯಾ ಇನ್ಯುಂಬಾ, ಸಂಸತ್ತಿನಲ್ಲಿದ್ದ ಬೆರಳೆಣಿಕೆಯ ಹೆಂಗಸರು, ಇಂಥವರೆಲ್ಲ ಐದು ವರ್ಷ ಬೆನ್ನು ಬಿಡದೆ ಕೇಳಿದ ಮೇಲೆ ಆ ಕಾನೂನು ಬಂತು.

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯವಾಗುತ್ತಿರಲಿಲ್ಲ. ನನ್ನ ಮದುವೆ ಎರಡೂವರೆ ತಿಂಗಳು ಮೊದಲೇ ಮುಗಿದಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಮರುವರ್ಷ ಅಣ್ಣ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದ. ‘ನಿಂಗೆ ಗಂಡನ ಮನೇಲಿ ಇದೆಯಲ್ಲಮ್ಮ’ ಅಂದ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ, ಅಣ್ಣನ ಮನೆಯಲ್ಲಿ ಊಟ ಮಾಡಿ, ಸೀರೆ ಇಸಕೊಂಡು ಬಂದೆ. ಅಣ್ಣನ ಮೇಲೆ ನನಗೆ ಕೋಪವಿಲ್ಲ. ಆದರೆ ಆ ದಿನ ಮನೆಗೆ ಬರುವ ಬಸ್ಸಿನಲ್ಲಿ ಯಾಕೆ ಅಷ್ಟು ಅಳು ಬಂತು ಎಂದು ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಮೂರನೆಯ ದಿನ, ಶುಕ್ರವಾರ

ಕಿಗಾಲಿಯಿಂದ ದಕ್ಷಿಣಕ್ಕೆ ನ್ಯಾಬರೊಂಗೊ ನದಿ ದಾಟಿ ಬುಗೆಸೆರಾ. ನ್ಯಮಾಟ ಚರ್ಚು ಮೂವತ್ತು ಕಿಲೋಮೀಟರು. ದೇವರ ಮನೆಯೆಂದು ನಂಬಿ ಒಳಗೆ ಸೇರಿದ್ದ ಸುಮಾರು ಹತ್ತು ಸಾವಿರ ಜನರನ್ನು ಅಲ್ಲೇ ಕೊಂದರು. ತಗಡಿನ ಮಾಡಿನಲ್ಲಿ ತೂತುಗಳಿವೆ. ಬಿಸಿಲು ಅವುಗಳಲ್ಲಿ ಇಳಿದು ಸತ್ತವರ ಬಟ್ಟೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಅಲ್ಲಿಗೆ ಹತ್ತಿರದಲ್ಲೇ ಮ್ಬ್ಯೊ ಎಂಬ ಊರು. ಬದುಕುಳಿದವರೂ, ಕೊಂದು ಜೈಲು ಮುಗಿಸಿ ಬಂದವರೂ ಅಕ್ಕಪಕ್ಕ ಮನೆ ಕಟ್ಟಿಕೊಂಡಿರುವ ಊರು. ಒಂದು ಕ್ರೈಸ್ತ ಸಂಸ್ಥೆ ನಿಂತು ಕಟ್ಟಿಸಿದ್ದು. ಮಣ್ಣು ಕಲಸಿದವರು, ಇಟ್ಟಿಗೆ ಒತ್ತಿದವರು ಎರಡೂ ಕಡೆಯವರು. ನಾವು ಹೋದಾಗ ಒಂದು ಮರದ ನೆರಳಲ್ಲಿ ಏಳೆಂಟು ಹೆಂಗಸರು ಚಾಪೆ ಹಾಸಿ ಅಗಾಸೇಕೆ ಹೆಣೆಯುತ್ತಿದ್ದರು. ಚೂಪು ಮೊನೆಯ ಮುಚ್ಚಳವಿರುವ ಸಣ್ಣ ಬುಟ್ಟಿ. ಮದುವೆಗೆ, ಬಾಣಂತಿ ನೋಡಲು ಹೋಗುವಾಗ ಒಯ್ಯುವಂಥದ್ದು. ಈಗ ಅದನ್ನೇ ಶಾಂತಿಬುಟ್ಟಿ ಎಂದು ಹೊರದೇಶಕ್ಕೆ ಮಾರುತ್ತಾರೆ.

ಹತ್ತಿರ ಕೂತು ನೋಡಿದೆ. ಒಣಹುಲ್ಲಿನ ಒಂದು ಹಿಡಿಯನ್ನು ಸುರುಳಿ ಸುತ್ತುತ್ತ ಹೋಗುವುದು, ಅದರ ಮೇಲೆ ಕತ್ತಾಳೆ ನಾರನ್ನು ಸೂಜಿಯಿಂದ ಬಿಗಿದು ಕೆಳಗಿನ ಸುತ್ತಿಗೆ ಹೊಲಿಯುವುದು. ನಾರು ಬಿಗಿಯುವಾಗ ಎಡಗೈ ಹೆಬ್ಬೆರಳಿನ ಉಗುರಿನಿಂದ ಒತ್ತಬೇಕು, ಇಲ್ಲದಿದ್ದರೆ ಸಾಲು ಸಡಿಲ. ಅಷ್ಟು ಹೆಂಗಸರ ಹೆಬ್ಬೆರಳ ಉಗುರೂ ಒಂದೇ ಥರ ಸವೆದಿತ್ತು. ಒಂದು ಬೆರಳಗಲ ಏರಲು ಅರ್ಧ ಗಂಟೆ ಬೇಕಾಯಿತು.

ನಾನು ನೋಡುತ್ತಿದ್ದ ಬುಟ್ಟಿ ಹೆಣೆಯುತ್ತಿದ್ದವಳ ಗಂಡ, ಮೂವರು ಮಕ್ಕಳು 1994ರಲ್ಲಿ ಹೋದರು. ಅವಳ ಪಕ್ಕದಲ್ಲಿ ಕೂತವಳ ಗಂಡ ಕೊಂದವರ ಗುಂಪಿನಲ್ಲಿದ್ದು ಜೈಲಿಗೆ ಹೋದವನು. ದೇಶದ ಜೈಲುಗಳಲ್ಲಿ ಒಂದು ಕಾಲಕ್ಕೆ ಲಕ್ಷಕ್ಕೂ ಹೆಚ್ಚು ಜನ ತುಂಬಿದ್ದರು. ಅವರಿಗೆ ಬುತ್ತಿ ಹೊತ್ತು ನಡೆದವರು ಹೆಂಡಿರೇ. ಈಕೆಯೂ ವಾರಕ್ಕೊಮ್ಮೆ ನಡೆದಳು, ಹೊಲ ಉತ್ತಳು, ಮಕ್ಕಳನ್ನು ಶಾಲೆಗೆ ಕಳಿಸಿದಳು. ವಿಧವೆಯ ಕಷ್ಟಕ್ಕೆ ಕನಿಕರವಾದರೂ ಇತ್ತು, ಇವಳಿಗೆ ಅದೂ ಇರಲಿಲ್ಲ.

‘ಹೆಂಗಸು ಮಾಡು ಹತ್ತಬಾರದು ಅನ್ನೋದು ನಮ್ಮಲ್ಲಿ’ ಎಂದಳು ಮೊದಲನೆಯವಳು. ‘ಆಕಳ ಹಾಲು ಕರೆಯಬಾರದು. ಡ್ರಮ್ ಮುಟ್ಟಬಾರದು. ಮಳೆ ಬಂತು, ಮಾಡು ಸೋರ್ತಾ ಇತ್ತು. ಹತ್ತೋಕೆ ಗಂಡಸು ಎಲ್ಲಿದ್ದ? ನಾನೇ ಹತ್ತಿದೆ. ಏನೂ ಆಗಲಿಲ್ಲ.’ ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಹಾಲು ಕರೆಯುವುದು ನಮ್ಮಲ್ಲಿ ಹೆಂಗಸರ ಕೆಲಸವೇ ಎಂದು ಹೇಳಿದಾಗ ಅವರಿಗೆ ಆಶ್ಚರ್ಯ. ಬಡ ಕುಟುಂಬಕ್ಕೊಂದು ಆಕಳು ಕೊಡುವ ಗಿರಿಂಕ ಎಂಬ ಯೋಜನೆ ಇಲ್ಲಿ 2006ರಿಂದ ಇದೆ. ಮೊದಲು ಹುಟ್ಟಿದ ಹೆಣ್ಣುಗರುವನ್ನು ನೆರೆಯವರಿಗೆ ಕೊಡಬೇಕು. ಇದೇ ಬುಗೆಸೆರಾದ ರ‍್ವೇರು ಗ್ರಾಮಕ್ಕೆ 2018ರಲ್ಲಿ ನಮ್ಮ ಪ್ರಧಾನಿ 200 ಆಕಳು ಕೊಟ್ಟಿದ್ದರು. ಇಂಡಿಯಾ ಅಂದ ಕೂಡಲೇ ಇವರು ನನಗೆ ಕೈಮುಗಿದು ‘ಆಕಳು, ಆಕಳು’ ಎಂದದ್ದು ಅದಕ್ಕೇ.

ಕ್ಷಮೆ ಅನ್ನುವ ಮಾತು ಅಲ್ಲಿ ಬಂದವರ ಮುಂದೆ ಬಹಳ ಸಲೀಸಾಗಿ ಬರುತ್ತದೆ. ನಮ್ಮಂಥ ಪ್ರವಾಸಿಗರಿಗೆ ಹೇಳಿ ಹೇಳಿ ಅಭ್ಯಾಸವಾಗಿರಬಹುದು. ನನಗೆ ಆ ಮಾತಿನಿಂದ ಸಮಾಧಾನವಾಗಲಿಲ್ಲ. ನಂಬಿಕೆ ಹುಟ್ಟಿದ್ದು ಬೇರೆಯದಕ್ಕೆ. ಮೊದಲನೆಯವಳ ನಾರು ಮುಗಿಯಿತು. ತಲೆಯೆತ್ತದೆ, ಕೇಳದೆ, ಪಕ್ಕದವಳ ಮಡಿಲಿನಿಂದ ಒಂದೆಳೆ ಎಳೆದುಕೊಂಡು ಸೂಜಿಗೆ ಪೋಣಿಸಿದಳು. ಅವಳೂ ತಲೆಯೆತ್ತಲಿಲ್ಲ.

ಊರಿನ ಗಚಾಚಾ ನ್ಯಾಯದ ಬಗ್ಗೆ ಕೇಳಿದೆ. ಗಚಾಚಾ ಅಂದರೆ ಹುಲ್ಲು. ಹಿಂದೆ ಊರ ಹಿರಿಯ ಗಂಡಸರು ಹುಲ್ಲಿನ ಮೇಲೆ ಕೂತು ಪಂಚಾಯ್ತಿ ಮಾಡುತ್ತಿದ್ದರು. ಜನಾಂಗಹತ್ಯೆಯ ಪ್ರಕರಣಗಳಿಗೆಂದು ಎಬ್ಬಿಸಿದ ಹೊಸ ಗಚಾಚಾದಲ್ಲಿ ಹೆಂಗಸರೂ ನ್ಯಾಯ ಹೇಳುವ ಜಾಗದಲ್ಲಿ ಕೂತರು. 2012ರ ಜೂನ್ 18ಕ್ಕೆ ಮುಗಿಯುವಷ್ಟರಲ್ಲಿ 19 ಲಕ್ಷಕ್ಕೂ ಹೆಚ್ಚು ಪ್ರಕರಣಗಳು. ಅತ್ಯಾಚಾರದವನ್ನು 2008ರ ನಂತರ ಬಾಗಿಲು ಮುಚ್ಚಿ ವಿಚಾರಿಸಿದರು. ಬಾಗಿಲು ಮುಚ್ಚಿದರೂ ಒಳಗೆ ಕೂತಿದ್ದವರು ಅದೇ ಊರಿನವರು ತಾನೇ? ಮೊದಲನೆಯವಳು ಹೋಗಿ ಸಾಕ್ಷಿ ಹೇಳಿದಳೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಕೇಳಬಾರದು ಅನ್ನಿಸಿತು.

ನಾಲ್ಕನೆಯ ದಿನ, ಶನಿವಾರ

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ದೇಶವೆಲ್ಲ ಉಮುಗಂಡ. ಅಂಗಡಿ ಬಂದ್, ರಸ್ತೆ ಖಾಲಿ, ಕೈಲಾಗುವ ದೊಡ್ಡವರೆಲ್ಲ ಗುದ್ದಲಿ ಹಿಡಿದು ಬರಬೇಕು. ಅಕ್ಕನ ಮಗನ ಬೀದಿಯವರ ಜೊತೆ ನಾನೂ ಚರಂಡಿ ಹೂಳೆತ್ತಿದೆ. ಮೇಸ್ತ್ರಿಕೆ ಮಾಡುತ್ತಿದ್ದವಳು ಆ ಕೇರಿಯ ಮುಖ್ಯಸ್ಥೆ, ಅರವತ್ತರ ಹತ್ತಿರದ ಹೆಂಗಸು. ಕೆಲಸ ಮುಗಿದ ಮೇಲೆ ಅಲ್ಲೇ ನಿಂತು ಸಭೆ: ಯಾರ ಮನೆಗೆ ಆರೋಗ್ಯ ವಿಮೆ ಕಟ್ಟಿಲ್ಲ, ಯಾರ ಮಗು ಶಾಲೆ ಬಿಟ್ಟಿದೆ. ಒಳ್ಳೆಯದೂ ಹೌದು, ಎಲ್ಲರ ಮೇಲೂ ಕಣ್ಣಿಡುವ ಕೆಲಸವೂ ಹೌದು.

ಮಧ್ಯಾಹ್ನದ ಮೇಲೆ ಹುಯೆಗೆ ಹೊರಟೆವು. ಮೂರು ಗಂಟೆಯ ದಾರಿ, ತಿರುವು ಮೇಲೆ ತಿರುವು. ರಾತ್ರಿ ಊಟಕ್ಕೆ ಮರಗೆಣಸಿನ ಸೊಪ್ಪು ಕುಟ್ಟಿ ಬೇಯಿಸಿದ ಇಸೊಂಬೆ, ಹುರುಳಿಕಾಯಿ ಬೀಜ, ಬಾಳೆಕಾಯಿ. ಉಪ್ಪಿನಕಾಯಿ ಬಾಟಲಿ ಬ್ಯಾಗಿನಲ್ಲಿದ್ದದ್ದು ಒಳ್ಳೆಯದಾಯಿತು.

ಐದನೆಯ ದಿನ, ಭಾನುವಾರ

ಹುಯೆಯ ಹಳೆಯ ಹೆಸರು ಬುಟಾರೆ. ವಿಶ್ವವಿದ್ಯಾಲಯವಿರುವ ಊರು. ಇಲ್ಲಿ 2004ರಲ್ಲಿ ಒಡಿಲ್ ಗಕಿರೆ ಕಾಟೆಸೆ ಎಂಬ ನಾಟಕಕಾರ್ತಿ ಹೆಂಗಸರ ಡ್ರಮ್ ತಂಡ ಕಟ್ಟಿದರು. ಇಂಗೋಮ ನ್ಶ್ಯ, ಅಂದರೆ ಹೊಸ ಡ್ರಮ್. ಇಂಗೋಮ ಅಂದರೆ ಡ್ರಮ್ಮೂ ಹೌದು, ರಾಜ್ಯವೂ ಹೌದು. ರಾಜನ ಡ್ರಮ್ ಗಂಡಸರದ್ದೇ. ಹೆಂಗಸು ಅದರ ಹತ್ತಿರವೂ ಹೋಗುವಂತಿರಲಿಲ್ಲ. ಅಂಥ ಊರಿನಲ್ಲಿ ಗಂಡ ಸತ್ತವರೂ, ಗಂಡ ಜೈಲಿನಲ್ಲಿದ್ದವರೂ ಒಂದೇ ಸಾಲಿನಲ್ಲಿ ನಿಂತು ಬಾರಿಸಲು ಕಲಿತರು.

ಭಾನುವಾರ ಸಂಜೆ ಊರಿನ ಒಂದು ಅಂಗಳದಲ್ಲಿ ಹುಡುಗಿಯರು ಬಾರಿಸುವುದನ್ನು ನೋಡಿದೆ. ನನ್ನ ಎದೆಯೆತ್ತರದ ಡ್ರಮ್ಮುಗಳು. ಕೋಲು ಮೇಲೆತ್ತಿದಾಗ ಒಂದು ಕ್ಷಣ ಎಲ್ಲ ನಿಂತುಬಿಡುತ್ತದೆ, ಆಮೇಲೆ ಹೊಟ್ಟೆಯೊಳಗೇ ಬಡಿದ ಹಾಗೆ ಸದ್ದು. ಸಾಗರದ ಕಡೆ ಹೆಣ್ಣುಮಕ್ಕಳು ಡೊಳ್ಳು ಕಟ್ಟಿಕೊಂಡು ಮೊದಲ ಸಲ ಕುಣಿದದ್ದನ್ನು ನೋಡಿದಾಗ ನಮ್ಮತ್ತೆ ‘ಈ ಹುಡುಗೀರಿಗೆ ಎಷ್ಟು ಕಸುವು ನೋಡೇ’ ಎಂದು ಕಣ್ಣರಳಿಸಿದ್ದು ನೆನಪಾಯಿತು. ಒಬ್ಬಳು ಕೋಲು ನನ್ನ ಕೈಗೆ ಕೊಟ್ಟಳು. ನಾನೂ ಬಾರಿಸಿದೆ. ಮಾರನೆಯ ದಿನ ರಟ್ಟೆ ನೋವು.

ಆರನೆಯ ದಿನ, ಸೋಮವಾರ

ಹುಯೆಯಿಂದ ಸ್ವಲ್ಪ ದೂರ ಮರಾಬಾ. ಕಾಫಿಯ ಲೋಕದಲ್ಲಿ ಈ ಹೆಸರು ಗೊತ್ತಿರುವವರಿದ್ದಾರೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದು ಬೆಲೆ ಬಿದ್ದಾಗ ನಮ್ಮ ತೋಟಗಳೂ ನಲುಗಿದವು, ರುವಾಂಡಾ ಅಂತೂ ನೆಲ ಕಚ್ಚಿತು. ಐದು ವರ್ಷಕ್ಕೆ ಜನಾಂಗಹತ್ಯೆ. ಗಿಡಗಳು ರೆಂಬೆ ಸವರುವವರಿಲ್ಲದೆ ಕಾಡುಬಿದ್ದವು. 1999ರಲ್ಲಿ ಮರಾಬಾದ ಸುಮಾರು 220 ಬೆಳೆಗಾರರು ಅಬಾಹುಜಾಮುಗಂಬಿ ಎಂಬ ಸಹಕಾರ ಸಂಘ ಕಟ್ಟಿದರು. ವಿಧವೆಯರು, ತಬ್ಬಲಿಗಳೇ ಬಹಳ. ಅಲ್ಲಿಯವರೆಗೆ ಮನೆಯಲ್ಲೇ ಕಲ್ಲಿನಿಂದ ಹಣ್ಣು ಜಜ್ಜಿ ಸಿಪ್ಪೆ ತೆಗೆದು ಚಿಲ್ಲರೆಗೆ ಮಾರುತ್ತಿದ್ದವರು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಕೇಂದ್ರ ಹಾಕಿಸಿಕೊಂಡು, ನೀರಿನಲ್ಲಿ ತೊಳೆದು, ಹೊರದೇಶಕ್ಕೆ ಮಾರಲು ಕಲಿತರು. ಅಲ್ಲಿಂದ ಈ ಬಗೆಯ ಕೇಂದ್ರಗಳು ದೇಶವೆಲ್ಲ ಹಬ್ಬಿದವು.

ನಾವು ಹೋದದ್ದು ಆ ಕಡೆಯ ಒಂದು ಸಣ್ಣ ಕೇಂದ್ರಕ್ಕೆ. ಕುಯ್ಲಿನ ಕೊನೆ. ಬೆನ್ನ ಮೇಲೆ ಮಗು, ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಹೆಂಗಸರು ಬರುತ್ತಿದ್ದರು. ತೊಟ್ಟಿಗೆ ಸುರಿದಾಗ ತೇಲುವ ಹಣ್ಣನ್ನು ಬೇರೆ ಮಾಡುವುದು, ತೂಕ, ಚೀಟಿ. ಆ ಹುಳಿಹುಳಿ ವಾಸನೆ ಮೂಗಿಗೆ ಹೊಡೆದ ಕೂಡಲೇ ಕಣ್ಣಲ್ಲಿ ನೀರು ಬಂತು, ಡಿಸೆಂಬರಿನಲ್ಲಿ ನಮ್ಮ ಪಲ್ಪರ್ ಮನೆಯದ್ದೇ ವಾಸನೆ. ಆದರೆ ಕಣ ಬೇರೆ ಥರ. ನಾವು ಸಿಮೆಂಟು ಕಣದಲ್ಲಿ ಹರವುತ್ತೇವೆ, ಇಲ್ಲಿ ಸೊಂಟದೆತ್ತರದ ಮರದ ಚೌಕಟ್ಟಿಗೆ ಬಲೆ ಹಾಸಿ ಅದರ ಮೇಲೆ. ಎರಡೂ ಬದಿ ನಿಂತ ಹೆಂಗಸರು ಒದ್ದೆ ಪಾರ್ಚ್‌ಮೆಂಟನ್ನು, ಅಂದರೆ ಹೊಟ್ಟು ಬಿಡಿಸದ ಬೀಜವನ್ನು, ಬೆರಳಲ್ಲಿ ಕೆದಕುತ್ತ ಒಡೆದದ್ದು, ಹುಳ ತಿಂದದ್ದು ಆರಿಸುತ್ತಾರೆ. ಇಲ್ಲಿಯ ಪಿಡುಗು ಒಂದು ತಿಗಣೆ ಜಾತಿಯ ಹುಳ. ಅದು ಚುಚ್ಚಿದ ಬೀಜ ಒಂದಿದ್ದರೂ ಆ ಲೋಟ ಕಾಫಿ ಹಸಿ ಆಲೂಗಡ್ಡೆ ವಾಸನೆ ಹೊಡೆಯುತ್ತದೆ. ನಾನು ನಮ್ಮ ಕಾಫಿ ಗಿಡ ಕೊಲ್ಲುವ ಬಿಳಿ ಕಾಂಡಕೊರಕ ಹುಳದ ಕಥೆ ಹೇಳಿದೆ. ಮೇಜಿನ ಸುತ್ತಲಿದ್ದವರು ನನ್ನನ್ನು ಪ್ರವಾಸಿಯೆಂದು ನೋಡುವುದು ಬಿಟ್ಟರು.

ಆ ಮೇಜಿನ ಒಬ್ಬಾಕೆ ತನ್ನ ಮನೆಗೆ ಕರೆದಳು. ನನಗಿಂತ ಒಂದು ವರ್ಷ ದೊಡ್ಡವಳು. ಅವಳ ಮದುವೆಯಾದದ್ದು 1993ರಲ್ಲಿ, ವಿಧವೆಯಾದದ್ದು 1994ರ ಏಪ್ರಿಲಿನಲ್ಲಿ. ಹೊಟ್ಟೆಯಲ್ಲಿ ಮಗಳಿದ್ದಳು. ಆಮೇಲೆ ಒಬ್ಬ ಅನಾಥ ಹುಡುಗನನ್ನು ತಂದು ಸಾಕಿಕೊಂಡಳು. ಇನ್ಯುಂಬಾ ಸಚಿವೆಯಾಗಿದ್ದಾಗ ಮನೆಗೊಂದು ತಬ್ಬಲಿ ಮಗು ಎಂದು ಕರೆ ಕೊಟ್ಟಿದ್ದರು. ಹೆಂಗಸರು ಯಾವ ಜಾತಿ, ಯಾವ ಕಡೆ ಎಂದು ಕೇಳದೆ ಕರೆದುಕೊಂಡು ಹೋದರು. ‘ಅವನ ಅಪ್ಪ ಯಾರೋ, ಏನು ಮಾಡಿದ್ದನೋ ನನಗೆ ಗೊತ್ತಿಲ್ಲ’ ಎಂದಳು.

ಗಂಡನಿದ್ದಾಗ ಕಾಫಿಗೆ ಕಸ ತೆಗೆಯುವುದು, ಹಣ್ಣು ಕುಯ್ಯುವುದು ಅವಳ ಕೆಲಸ. ದುಡ್ಡು ಎಣಿಸುವುದು ಅವನ ಕೆಲಸ. ಅವನು ಹೋದ ಮೇಲೆ ಗಿಡ ಚಿಗುರು ತೆಗೆಯುವುದು ಯಾವ ತಿಂಗಳಲ್ಲಿ ಎಂಬುದೂ ಅವಳಿಗೆ ತಿಳಿದಿರಲಿಲ್ಲವಂತೆ. ಕಲಿತಳು. ಈಗ 600 ಗಿಡ.

ಒಳಗಿನಿಂದ ಒಂದು ಟ್ರಂಕು ಎಳೆದು ತಂದಳು. ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದ. ಜಮೀನು ಪತ್ರ. 2009ರಿಂದ 2013ರವರೆಗೆ ರುವಾಂಡಾದವರು ವಿಮಾನದಿಂದ ಫೋಟೋ ತೆಗೆದು, ಊರೂರಿನಲ್ಲಿ ಎಲ್ಲರೆದುರು ಗಡಿ ಗುರುತಿಸಿ, 1 ಕೋಟಿಗೂ ಮೇಲ್ಪಟ್ಟ ತುಂಡುಗಳಿಗೆ ನಂಬರು ಕೊಟ್ಟರು. ಪೋಡಿಗಾಗಿ ತಾಲ್ಲೂಕು ಕಚೇರಿಗೆ ಚಪ್ಪಲಿ ಸವೆಸಿದವರಿಗೆ ಮಾತ್ರ ಇದರ ಬೆಲೆ ಗೊತ್ತು. ಗಂಡಹೆಂಡಿರಿದ್ದರೆ ಇಬ್ಬರ ಹೆಸರೂ, ಯಾರದು ನೂರಕ್ಕೆ ಎಷ್ಟು ಎಂಬುದೂ ಬರೆದಿರುತ್ತದೆ. ಇವಳ ಪತ್ರದಲ್ಲಿ ಒಂದೇ ಹೆಸರು, ಅದರ ಮುಂದೆ 100. ಓದಲು ಬಾರದಿದ್ದರೂ ಅದು ಎಲ್ಲಿದೆ ಎಂದು ಅವಳಿಗೆ ಗೊತ್ತು. ಬೆರಳಿಟ್ಟು ತೋರಿಸಿದಳು. ಆ ಜಾಗದಲ್ಲಿ ಕಾಗದ ಸ್ವಲ್ಪ ಮಾಸಿತ್ತು.

‘ಮಾಮಾ, ನಿನ್ನ ಹೆಸರಲ್ಲಿ ಎಷ್ಟಿದೆ ಅಂತ ಕೇಳ್ತಿದ್ದಾರೆ’ ಎಂದಳು ನಮ್ಮ ಹುಡುಗಿ.

ಹೇಳಿದೆ. ಅಪ್ಪನ ತೋಟದಲ್ಲಿ ಏನೂ ಇಲ್ಲ, ಬರೆದುಕೊಟ್ಟೆ. ಗಂಡನದು ಗಂಡನ ಹೆಸರಲ್ಲಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಅಲ್ಲಿ ಯುದ್ಧ ಆಗಿರಲಿಲ್ಲವಲ್ಲ ಎಂದಳು ಕೊನೆಗೆ. ಹುಡುಗಿ ಅದನ್ನು ದಾಟಿಸುವಾಗ ತಡವರಿಸಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಅವಳ ಮಗಳಿಗೀಗ ಮೂವತ್ತು ದಾಟಿದೆ. ಒಬ್ಬನ ಜೊತೆ ಇದ್ದಾಳೆ, ಎರಡು ಮಕ್ಕಳು. ಮದುವೆ ಸರ್ಕಾರಿ ಕಚೇರಿಯಲ್ಲಿ ನೋಂದಣಿಯಾಗಿಲ್ಲ. ತೆರ ಕೊಡಲು, ಊಟ ಹಾಕಿಸಲು ದುಡ್ಡಿಲ್ಲದೆ ಹಾಗೇ ಕೂಡಿ ಬಾಳುವ ಜೋಡಿಗಳು ಇಲ್ಲಿ ಬಹಳ. ನೋಂದಣಿಯಿಲ್ಲದಿದ್ದರೆ ಗಂಡನ ಜಮೀನಿನಲ್ಲಿ ಹೆಂಡತಿಗೆ ಹಕ್ಕಿಲ್ಲ. ಆದ್ದರಿಂದ ತಾಯಿ ತನ್ನದರಲ್ಲಿ ಅರ್ಧ ಮಗಳ ಹೆಸರಿಗೆ ಬರೆಯಬೇಕೆಂದಿದ್ದಾಳೆ. ಸಾಕಿದ ಮಗ ಒಳ್ಳೆಯವನು, ಅದೇ ಕೇಂದ್ರದಲ್ಲಿ ಪಲ್ಪರ್ ನೋಡಿಕೊಳ್ಳುತ್ತಾನೆ, ಅಮ್ಮನನ್ನು ಕಣ್ಣಲ್ಲಿಟ್ಟು ಸಾಕುತ್ತಾನೆ. ಈ ವಿಷಯ ಎತ್ತಿದಾಗ ಮಾತ್ರ ಮುಖ ಬಾಡಿಸುತ್ತಾನೆ.

‘ಏನಂತಾನೆ?’

‘ಅವಳಿಗೆ ಗಂಡನ ಮನೇಲಿ ಇದೆಯಲ್ಲ, ಅಂತಾನೆ.’

ನಾನು ಟ್ರಂಕಿನ ಅಂಚು ಹಿಡಿದುಕೊಂಡೆ. ಅದೇ ಮಾತು. ಎಂಟು ತಾಸಿನ ವಿಮಾನ ದಾರಿ, ಒಂದು ಸಾಗರ ದಾಟಿ ಬಂದು ಅದೇ ಮಾತು ಕೇಳಿಸಿಕೊಂಡೆ. ‘ಬರೆದುಬಿಡಿ’ ಎಂದೆ ಅವಳ ಕೈ ಹಿಡಿದು. ಹುಡುಗಿ ದಾಟಿಸುವ ಮೊದಲೇ ಅವಳು ತಲೆಯಾಡಿಸಿದಳು. ನಾನು ಮತ್ತೆ ಹೇಳಿದೆ: ‘ನೀವಿರುವಾಗಲೇ ಬರೆಯಿರಿ. ಆಮೇಲೆ ಅವಳ ಹತ್ತಿರ ಸಹಿ ಕೇಳುತ್ತಾರೆ.’

ಮೂರು ಗಂಟೆಯ ಹೊತ್ತಿಗೆ ಕೇಂದ್ರಕ್ಕೆ ವಾಪಸು ಬಂದೆವು. ಕಾರಿಗೆ ಚೀಲ ಇಡುತ್ತಿದ್ದಾಗ ಗುಡ್ಡದ ಆಚೆ ಗುಡುಗಿತು, ಮಳೆ ಇಳಿದೇ ಬಿಟ್ಟಿತು. ಯಾರೋ ಕೂಗಿದರು. ಕಾಫಿ ಕಣದ ಮೇಲೆ ಮಳೆ ಬಂದರೆ ಹೇಗೆ ಕೂಗುತ್ತಾರೆ ಎಂಬುದಕ್ಕೆ ಭಾಷೆ ಬೇಕಿಲ್ಲ. ನಾನೂ ಓಡಿದೆ. ಮೇಜುಗಳ ಕೆಳಗೆ ಸುತ್ತಿಟ್ಟಿದ್ದ ಟಾರ್ಪಾಲನ್ನು ಎಳೆದು ಬಿಚ್ಚಿದೆವು. ನನ್ನ ಮೇಜಿನ ಈ ತುದಿಯನ್ನು ಅವಳ ಮಗಳು ಹಿಡಿದಳು, ಪಲ್ಪರ್ ಮನೆಯಿಂದ ಓಡಿಬಂದ ಮಗ ಆ ತುದಿ ಹಿಡಿದ. ಗಾಳಿ ಟಾರ್ಪಾಲನ್ನು ಹಾಯಿಯಂತೆ ಉಬ್ಬಿಸಿತು. ಅಕ್ಕ ಏನೋ ಕೂಗಿ ಹೇಳಿದಳು, ತಮ್ಮ ಇನ್ನಷ್ಟು ಜಗ್ಗಿ ಮೂಲೆಗೆ ಕಲ್ಲಿಟ್ಟ. ನಾನು ನಡುವೆ ಬಾಗಿ, ಮೊಣಕೈವರೆಗೆ ಒದ್ದೆಯಾಗಿ, ಚೌಕಟ್ಟಿನಂಚಿಗೆ ಹೊರಬಂದಿದ್ದ ಪಾರ್ಚ್‌ಮೆಂಟನ್ನು ಒಳಗೆ ತಳ್ಳುತ್ತ ನಿಂತೆ. ಅವರಮ್ಮ ಮುಂದಿನ ಮೇಜು ಮುಚ್ಚಲು ಆಗಲೇ ಓಡಿದ್ದಳು.